ತಳಿ ಗೌಜಲಕ್ಕಿಗೆ ವಿಟಮಿನ್ ಇ ಮತ್ತು ಸೆಲೆನಿಯಂ: ಪರಿಣಾಮವನ್ನು ಎಲ್ಲಿ ಅಳೆಯಬೇಕು?

ಜಪಾನಿ ಗೌಜಲಕ್ಕಿ ಆರೇಳು ವಾರಕ್ಕೆ ಮೊಟ್ಟೆಗೆ ಬರುತ್ತದೆ. ಕಾವಿಗಿಟ್ಟ ಮೊಟ್ಟೆ 17–18 ದಿನಕ್ಕೆ ಮರಿಯಾಗುತ್ತದೆ. ಆಹಾರ ಪೂರಕಗಳ ಪ್ರಯೋಗಕ್ಕೆ ಇಷ್ಟು ಅನುಕೂಲದ ಹಕ್ಕಿ ಅಪರೂಪ. ಆದರೆ ಇಂಥ ಪ್ರಯೋಗದ ಕೊನೆಗೆ ‘ಸಂತಾನ ಸಾಮರ್ಥ್ಯ ಸುಧಾರಿಸಿತು’ ಎಂದಷ್ಟೇ ಬರೆದರೆ ಪೂರಕ ಕೆಲಸ ಮಾಡಿದ್ದು ಗಂಡಿನಲ್ಲೋ, ಹೆಣ್ಣಿನಲ್ಲೋ, ಭ್ರೂಣದಲ್ಲೋ ತಿಳಿಯುವುದಿಲ್ಲ.

ಹಕ್ಕಿಗಳ ವೀರ್ಯಾಣುವಿನ ಪೊರೆಯಲ್ಲಿ ಬಹು ಅಪರ್ಯಾಪ್ತ ಕೊಬ್ಬಿನಾಮ್ಲಗಳು ಹೆಚ್ಚು. ಅವು ಬೇಗ ಉತ್ಕರ್ಷಣಗೊಂಡು ಕೆಡುತ್ತವೆ. ವಿಟಮಿನ್ ಇ ಪೊರೆಯೊಳಗೇ ನೆಲೆಸಿ ಈ ಸರಪಳಿ ಕ್ರಿಯೆಯನ್ನು ತಡೆಯುತ್ತದೆ. ಸೆಲೆನಿಯಂ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಕಿಣ್ವದ ಭಾಗವಾಗಿ ಪೆರಾಕ್ಸೈಡುಗಳನ್ನು ಕಳೆಯುತ್ತದೆ. ಹೆಣ್ಣು ತಿಂದ ಇವೇ ಪೋಷಕಗಳು ಮೊಟ್ಟೆಗಿಳಿದು ಭ್ರೂಣವನ್ನು ಕಾಯುತ್ತವೆ. ಮೊದಲನೆಯ ಪರಿಣಾಮ ಫಲಿತ ಮೊಟ್ಟೆಗಳ ಪ್ರಮಾಣದಲ್ಲಿ ಕಾಣಬೇಕು, ಎರಡನೆಯದು ಫಲಿತ ಮೊಟ್ಟೆಗಳಲ್ಲಿ ಎಷ್ಟು ಮರಿಯಾದವು ಎಂಬುದರಲ್ಲಿ. ಉದಾಹರಣೆಗೆ, ಇಟ್ಟ 100 ಮೊಟ್ಟೆಗಳಲ್ಲಿ 80 ಫಲಿತವಾಗಿ 60 ಮರಿಯಾದವೆನ್ನೋಣ. ಶೇ. 60 ಎಂಬ ಒಂದೇ ಅಂಕಿ ಎರಡನ್ನೂ ಕಲಸಿಬಿಡುತ್ತದೆ, ಫಲಿತತೆ ಶೇ. 80, ಅವುಗಳಲ್ಲಿ ಮರಿಯಾದದ್ದು ಶೇ. 75 ಎಂದು ಬಿಡಿಸಿ ಹೇಳಬೇಕು.

ಬಿಡಿಸುವ ಕೆಲಸ ಸುಲಭವಲ್ಲ. ಗೌಜಲಕ್ಕಿಯ ಚಿಪ್ಪಿನ ಮೇಲೆ ದಟ್ಟ ಕಂದು ಮಚ್ಚೆಗಳಿರುವುದರಿಂದ ಬೆಳಕಿಗೆ ಹಿಡಿದರೆ ಒಳಗಿನದು ಸರಿಯಾಗಿ ಕಾಣದು. ಮರಿಯಾಗದ ಪ್ರತಿ ಮೊಟ್ಟೆಯನ್ನೂ ಒಡೆದು ನೋಡಬೇಕು. ಹಳದಿಯ ಮೇಲೆ ಬಿಳಿ ಚುಕ್ಕೆಯಷ್ಟೇ ಇದ್ದರೆ ಅದು ಫಲಿಸಿಲ್ಲ. ರಕ್ತದ ಉಂಗುರವಿದ್ದರೆ ಫಲಿಸಿ, ಬೇಗನೆ ಸತ್ತ ಭ್ರೂಣ. ಎರಡನ್ನೂ ‘ಜೊಳ್ಳು’ ಎಂದು ಒಂದೇ ಬುಟ್ಟಿಗೆ ಹಾಕಿದರೆ ಹೆಣ್ಣಿನ ಆಹಾರದ ಕೊರತೆ ಗಂಡಿನ ತಲೆಗೆ ಬರುತ್ತದೆ. ಗಂಡನ್ನು ನೇರವಾಗಿ ಅಳೆಯುವ ದಾರಿಯೂ ಇದೆ. ಅದರ ಮಲದ್ವಾರದ ಮೇಲಿನ ಉಬ್ಬಿದ ಗ್ರಂಥಿಯನ್ನು ಒತ್ತಿದರೆ ಬಿಳಿ ನೊರೆ ಬರುತ್ತದೆ. ಗ್ರಂಥಿಯ ಗಾತ್ರ ವೃಷಣಗಳ ಚಟುವಟಿಕೆಯನ್ನು ಸೂಚಿಸುತ್ತದೆ. ಖರ್ಚಿಲ್ಲದ ಈ ಅಳತೆಯನ್ನು ಬಿಡುವುದಕ್ಕೆ ಕಾರಣವೇ ಇಲ್ಲ.

ಪೂರಕವಿಲ್ಲದ ಹೋಲಿಕೆಯ ಗುಂಪಿನ ಆಹಾರವೂ ಸರಿಯಿರಬೇಕು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 1994ರ ಶಿಫಾರಸಿನಂತೆ ತಳಿ ಗೌಜಲಕ್ಕಿಗೆ ಕಿಲೋ ಆಹಾರದಲ್ಲಿ 25 ಐಯು ವಿಟಮಿನ್ ಇ, 0.2 ಮಿ.ಗ್ರಾಂ ಸೆಲೆನಿಯಂ ಇರಬೇಕು. ಕಮಟು ಹಿಡಿದ ತೌಡು ಸೇರಿದ ಆಹಾರದಲ್ಲಿ ವಿಟಮಿನ್ ಇ ನಾಶವಾಗಿರುತ್ತದೆ. ಅದನ್ನು ಹೋಲಿಕೆಯ ಗುಂಪಿಗೆ ತಿನ್ನಿಸಿದರೆ ಯಾವ ಪೂರಕವೂ ಗೆಲ್ಲುತ್ತದೆ. ಸೆಕೆಯಲ್ಲಿ ಅಗತ್ಯ ಬದಲಾಗುತ್ತದೆ ಎಂಬುದು ನಿಜ. ಟರ್ಕಿಯಲ್ಲಿ ಕಾಜಿಮ್ ಶಾಹಿನ್ ಮತ್ತು ಸಂಗಡಿಗರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಕಿದ ಗೌಜಲಕ್ಕಿಗಳಿಗೆ ವಿಟಮಿನ್ ಸಿ, ಇ ಕೊಟ್ಟು ಸೆಕೆಯ ಹಾನಿ ತಗ್ಗಿದ್ದನ್ನು ತೋರಿಸಿದರು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಶೆಡ್‌ಗಳಿಗೆ ಇದು ಮುಖ್ಯ. ಆದರೂ ಬೆಳವಣಿಗೆ, ಮೊಟ್ಟೆ ಇಳುವರಿಯ ಸುಧಾರಣೆಯನ್ನೇ ಮರಿಗಳ ಲೆಕ್ಕವೆಂದು ಓದಬಾರದು.

ಸೆಲೆನಿಯಂ ವಿಷಯದಲ್ಲಿ ಹೆಚ್ಚು ಕೊಟ್ಟರೆ ಹೆಚ್ಚು ಲಾಭ ಎಂಬ ಎಣಿಕೆ ಅಪಾಯಕಾರಿ. 1983ರಲ್ಲಿ ಕ್ಯಾಲಿಫೋರ್ನಿಯಾದ ಕೆಸ್ಟರ್ಸನ್ ಜಲಾಶಯದಲ್ಲಿ, ಹೊಲಗಳಿಂದ ಬಸಿದ ನೀರಿನ ಸೆಲೆನಿಯಂನಿಂದ ನೀರುಹಕ್ಕಿಗಳ ಭ್ರೂಣಗಳು ಕಣ್ಣಿಲ್ಲದೆ, ಕೊಕ್ಕು ತಿರುಚಿ ವಿರೂಪಗೊಂಡಿದ್ದವು.

ಹಾಗಾಗಿ ನಾಲ್ಕು ಗುಂಪುಗಳ ಪ್ರಯೋಗವೇ ಲೇಸು: ಗಂಡಿಗೆ ಮಾತ್ರ ಪೂರಕ, ಹೆಣ್ಣಿಗೆ ಮಾತ್ರ, ಇಬ್ಬರಿಗೂ, ಯಾರಿಗೂ ಇಲ್ಲ. ಗಂಡುಗಳನ್ನು ಬೇರೆ ಪಂಜರದಲ್ಲಿಟ್ಟು ತಿನ್ನಿಸಿ, ದಿನವೂ ಸ್ವಲ್ಪ ಹೊತ್ತು ಮಾತ್ರ ಹೆಣ್ಣುಗಳ ಜೊತೆ ಬಿಡಬೇಕು. ಆಗ ಫೀಡ್ ಪಾತ್ರೆ ಖಾಲಿಯಿರಬೇಕು. ಹೆಣ್ಣು ವೀರ್ಯವನ್ನು ದಿನಗಟ್ಟಲೆ ಕಾಪಿಡುತ್ತದೆ, ಹಳದಿ ತುಂಬಲೂ ದಿನಗಳು ಬೇಕು. ಪೂರಕ ಶುರುಮಾಡಿದ ಮೊದಲ ಎರಡು ವಾರದ ಮೊಟ್ಟೆಗಳನ್ನು ಲೆಕ್ಕದಿಂದ ಹೊರಗಿಡುವುದು ಕ್ಷೇಮ.