ಬೆಳ್ಳಿ ನಾಣ್ಯ ಪರೀಕ್ಷೆ

ಹಳೆಯ ಬೆಳ್ಳಿ ನಾಣ್ಯ ಅಸಲಿಯೇ, ಅದರಲ್ಲಿ ಬೆಳ್ಳಿ ಎಷ್ಟಿದೆ, ಕೈಯಿಂದ ಕೈಗೆ ಓಡಾಡಿ ಎಷ್ಟು ಸವೆದಿದೆ ಎಂದು ನಿರ್ಣಯಿಸುವ ವಿದ್ಯೆ. ಇವು ಮೂರು ಬೇರೆ ಬೇರೆ ಪ್ರಶ್ನೆಗಳು. ಚೊಕ್ಕ ಬೆಳ್ಳಿಯ ನಾಣ್ಯವೂ ಖೋಟಾ ಆಗಿರಬಹುದು. ಅರ್ಧಕ್ಕರ್ಧ ಬೆರಕೆಯದೂ ಸರ್ಕಾರದ ಟಂಕಸಾಲೆಯಿಂದಲೇ ಬಂದಿರಬಹುದು. ಭಾರತದಲ್ಲಿ ಈ ವಿದ್ಯೆಗೆ ಎರಡು ಸಾವಿರ ವರ್ಷಗಳಿಗೂ ಮೀರಿದ ಇತಿಹಾಸವಿದೆ. ಅದನ್ನು ಬಹುಕಾಲ ಕಾಪಾಡಿಕೊಂಡು ಬಂದವರು ಪೇಟೆಯ ಶರಾಫರು. ಕನ್ನಡನಾಡಿನಲ್ಲಿ ಅವರನ್ನು ಚಿನಿವಾರರು, ನೋಟಗಾರರು ಎಂದು ಕರೆಯುತ್ತಿದ್ದರು.

ಕೌಟಿಲ್ಯನ ಹೆಸರಿನ ಅರ್ಥಶಾಸ್ತ್ರದಲ್ಲಿ ಟಂಕಸಾಲೆಗೆ ಲಕ್ಷಣಾಧ್ಯಕ್ಷ, ಚಲಾವಣೆಯ ನಾಣ್ಯದ ತಪಾಸಣೆಗೆ ರೂಪದರ್ಶಕ ಎಂಬ ಇಬ್ಬರು ಅಧಿಕಾರಿಗಳ ಮಾತು ಬರುತ್ತದೆ. ಹದಿನಾರು ಮಾಷ ತೂಕದ ಬೆಳ್ಳಿಯ ಪಣದಲ್ಲಿ ನಾಲ್ಕು ಮಾಷ ತಾಮ್ರ, ಒಂದು ಮಾಷ ಸೀಸ ಅಥವಾ ತವರದಂಥ ಲೋಹ ಇರಬೇಕೆಂಬುದು ಅಲ್ಲಿನ ಕಟ್ಟಳೆ. ಉಳಿದ ಹನ್ನೊಂದು ಮಾತ್ರ ಬೆಳ್ಳಿ. ಬೆರಕೆ ಇದ್ದ ಮಾತ್ರಕ್ಕೆ ನಾಣ್ಯ ಖೋಟಾ ಆಗುವುದಿಲ್ಲ ಎಂಬ ತಿಳಿವಳಿಕೆ ಅಷ್ಟು ಹಳೆಯದು. ಆ ಕಾಲದ ಮುದ್ರೆಯೊತ್ತಿದ ಬೆಳ್ಳಿ ನಾಣ್ಯಗಳು ಸುಮಾರು 3.4 ಗ್ರಾಂ ತೂಗುತ್ತವೆ. ಒಂದು ಮೈಯಲ್ಲಿ ಸೂರ್ಯ, ಬೆಟ್ಟ, ಪ್ರಾಣಿಗಳ ದೊಡ್ಡ ಮುದ್ರೆಗಳಿದ್ದರೆ ಹಿಂಬದಿಯಲ್ಲಿ ಚಿಕ್ಕಚಿಕ್ಕ ಗುರುತುಗಳಿರುತ್ತವೆ. ತಾಮ್ರದ ತಿರುಳಿಗೆ ಬೆಳ್ಳಿ ಹೊದಿಸಿದ ಅಂದಿನ ಖೋಟಾ ನಾಣ್ಯಗಳೂ ಸಿಕ್ಕಿವೆ.

ಹಿಂಬದಿಯ ಆ ಗುರುತುಗಳ ಅರ್ಥವನ್ನು ಬಿಡಿಸುವಲ್ಲಿ ದೊಡ್ಡ ಹೆಜ್ಜೆಯಿಟ್ಟವರು ಗಣಿತಜ್ಞ ಡಿ. ಡಿ. ಕೋಸಂಬಿ. ಅವರು 1940ರ ದಶಕದ ಆರಂಭದಲ್ಲಿ ತಕ್ಷಶಿಲೆಯ ನಿಧಿಯ ನಾಣ್ಯಗಳನ್ನು ತೂಕದ ಲೆಕ್ಕಕ್ಕೆ ಒಳಪಡಿಸಿದರು. ಹಿಂಬದಿಯ ಗುರುತುಗಳು ಹೆಚ್ಚಿದಂತೆ ಸರಾಸರಿ ತೂಕ ಇಳಿಯುತ್ತಾ ಹೋಗುವುದು ಕಂಡಿತು. ಅಂದರೆ ನಾಣ್ಯ ಚಲಾವಣೆಯಲ್ಲಿದ್ದಾಗ ವರ್ತಕರು ಆಗಾಗ ತೂಗಿ ಪರೀಕ್ಷಿಸಿ ತಮ್ಮ ಗುರುತು ಒತ್ತುತ್ತಿದ್ದರು. ಗುರುತು ಹೆಚ್ಚಿದಷ್ಟೂ ನಾಣ್ಯ ಹಳೆಯದು. ಸವೆತವನ್ನು ಕಾಲದ ಅಳತೆಗೋಲಾಗಿಸಿದ ಈ ಕೆಲಸ ನಾಣ್ಯಶಾಸ್ತ್ರದಲ್ಲಿ ಭಾರತದ ಅತ್ಯುತ್ತಮ ಕೊಡುಗೆಗಳಲ್ಲಿ ಒಂದು. ನೋಟಗಾರ ಒತ್ತಿದ ಮುದ್ರೆಯನ್ನು ಬರಿಯ ‘ಗಾಯ’ ಎಂದು ಲೆಕ್ಕಿಸಿ ಬೆಲೆ ಇಳಿಸುವ ಇಂದಿನ ರೂಢಿ ಈ ಪಾಠವನ್ನು ಮರೆತಿದೆ. ಮೇಲಿಂದ ಒತ್ತಿದ ಮುದ್ರೆ ಸಾಕ್ಷಿಯಾಗುವುದಕ್ಕೆ ಇನ್ನೊಂದು ಉದಾಹರಣೆ: 1906ರಲ್ಲಿ ನಾಸಿಕದ ಬಳಿ ಜೋಗಳಟೆಂಬಿಯಲ್ಲಿ ಸಿಕ್ಕ ಕ್ಷತ್ರಪ ನಹಪಾನನ 13,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳಲ್ಲಿ ಸುಮಾರು ಮೂರನೇ ಎರಡು ಭಾಗದ ಮೇಲೆ ಶಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿಯ ಮರುಮುದ್ರೆ ಇದೆ. ಆ ಮರುಮುದ್ರೆಯೇ ಇಬ್ಬರು ಅರಸರನ್ನು ಒಂದೇ ಕಾಲಕ್ಕೆ ತಂದು ನಿಲ್ಲಿಸಿದ ಸಾಕ್ಷಿ.

ಕರ್ನಾಟಕದ ಯಶವಂತಪುರ, ಚಂದ್ರವಳ್ಳಿ ಮೊದಲಾದೆಡೆ ರೋಮನ್ ಬೆಳ್ಳಿ ಡಿನೇರಿಯಸ್‌ಗಳು ದೊರೆತಿವೆ. ಆಗಸ್ಟಸ್‌ನ ನಾಣ್ಯವನ್ನು ನೋಡಿ ದಕ್ಷಿಣ ಭಾರತದಲ್ಲೇ ಮಾಡಿದ ಅನುಕರಣೆಗಳೂ ಇವೆ. ಅಂಥವನ್ನು ಇಂದಿನ ನಕಲಿಗಳ ಜೊತೆ ಸೇರಿಸಿ ತಳ್ಳಿಬಿಡುವುದು ತಪ್ಪು. ಅವು ಅಂದಿನ ಪೇಟೆಯಲ್ಲಿ ನಿಜವಾಗಿ ಓಡಾಡಿದ ಹಣ.

ಸುಮಾರು 11.5 ಗ್ರಾಂ ತೂಕದ ಬೆಳ್ಳಿಯ ರೂಪಾಯಿ ಶೇರ್ ಶಾನ ಕಾಲದಲ್ಲಿ, 16ನೇ ಶತಮಾನದ ನಡುವಿನಲ್ಲಿ ನೆಲೆಯೂರಿತು. ಮೊಗಲರ ಆಳ್ವಿಕೆಯಲ್ಲಿ ಆಯಾ ವರ್ಷದ ಹೊಸ ರೂಪಾಯಿಗೆ ಮಾತ್ರ ಪೂರ್ಣ ಬೆಲೆ. ವರ್ಷ ಉರುಳಿದಂತೆ ಅದಕ್ಕೆ ವಟ್ಟ ಬೀಳುತ್ತಿತ್ತು. ಹೀಗಾಗಿ ನಾಣ್ಯದ ಮೇಲಿನ ಆಳ್ವಿಕೆಯ ವರ್ಷವನ್ನು ಓದುವುದೇ ಶರಾಫನ ಮೊದಲ ಕೆಲಸವಾಯಿತು. ಈ ವಟ್ಟದ ತಕರಾರನ್ನು ಕೊನೆಗಾಣಿಸಲು ಈಸ್ಟ್ ಇಂಡಿಯಾ ಕಂಪನಿ 1793ರಲ್ಲಿ ಬಂಗಾಳದ ರೂಪಾಯಿಯನ್ನು ಮೊಗಲ ಬಾದಶಹ ಶಾ ಆಲಂನ ಆಳ್ವಿಕೆಯ 19ನೇ ವರ್ಷಕ್ಕೆ ನಿಲ್ಲಿಸಿತು. ಆಮೇಲೆ ದಶಕಗಳ ಕಾಲ ಟಂಕಿಸಿದರೂ ಮೇಲೆ ಅದೇ ವರ್ಷ. ಅಂಥ ರೂಪಾಯಿಯ ನಿಜವಾದ ವಯಸ್ಸು ತಿಳಿಯಬೇಕಾದರೆ ಅಂಚನ್ನು ನೋಡಬೇಕು: ಓರೆ ಗೀರೋ, ನೇರ ಗೀರೋ, ನುಣುಪೋ ಎಂದು. ಟಿಪ್ಪು ಸುಲ್ತಾನನ ನಾಣ್ಯಗಳದು ಇನ್ನೊಂದು ತೊಡಕು. ಎರಡು ರೂಪಾಯಿಯ ಹೈದರಿ, ಒಂದು ರೂಪಾಯಿಯ ಇಮಾಮಿ ಮುಂತಾದವುಗಳ ಮೇಲೆ ಅವನು ತಾನೇ ಜಾರಿಗೆ ತಂದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಇದು ಗೊತ್ತಿಲ್ಲದವರಿಗೆ ಅಸಲಿ ನಾಣ್ಯದ ಇಸವಿಯೇ ತಪ್ಪಾಗಿ ಕಾಣುತ್ತದೆ.

ಶರಾಫನ ಕಣ್ಣಿಗೆ ಪ್ರಯೋಗಶಾಲೆಯ ಬೆಂಬಲ ಬಂದದ್ದು ಟಂಕಸಾಲೆಗಳ ಅಸ್ಸೇ (ಲೋಹಪರೀಕ್ಷೆ) ವಿಭಾಗದಿಂದ. ಅಲ್ಲಿ ನಾಣ್ಯದ ತುಣುಕನ್ನು ಸೀಸದೊಡನೆ ಮೂಳೆಬೂದಿಯ ಬಟ್ಟಲಲ್ಲಿ ಕಾಯಿಸುತ್ತಿದ್ದರು. ಸೀಸ, ತಾಮ್ರಗಳನ್ನು ಬಟ್ಟಲು ಹೀರಿಕೊಂಡು ಬೆಳ್ಳಿಯ ಗುಂಡು ಮಾತ್ರ ಉಳಿಯುತ್ತಿತ್ತು. ಅದನ್ನು ತೂಗಿ ಚೊಕ್ಕತನ ಹೇಳುತ್ತಿದ್ದರು. ಬನಾರಸ್ ಮತ್ತು ಕಲ್ಕತ್ತಾ ಟಂಕಸಾಲೆಗಳಲ್ಲಿ ಈ ಕೆಲಸ ಮಾಡಿದ ಜೇಮ್ಸ್ ಪ್ರಿನ್ಸೆಪ್, ಕೈಗೆ ಬಂದ ಪ್ರಾಚೀನ ನಾಣ್ಯಗಳ ಲಿಪಿಯತ್ತ ಹೊರಳಿ 1837ರಲ್ಲಿ ಬ್ರಾಹ್ಮಿಯನ್ನು ಓದಿದರು. ಅಶೋಕನ ಶಾಸನಗಳು ಮತ್ತೆ ಮಾತಾಡುವಂತಾದದ್ದರಲ್ಲಿ ಬೆಳ್ಳಿ ಪರೀಕ್ಷೆಯ ಮೇಜಿಗೂ ಪಾಲಿದೆ.

1835ರಲ್ಲಿ ಕಂಪನಿಯ ಆಡಳಿತದ ಪ್ರದೇಶಕ್ಕೆಲ್ಲ ಒಂದೇ ರೂಪಾಯಿ ಬಂತು: 180 ಗ್ರೇನ್, ಅಂದರೆ 11.66 ಗ್ರಾಂ ತೂಕ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಇಲ್ಲಿಯೂ ಇಸವಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. 1840 ಎಂದು ಬರೆದ ವಿಕ್ಟೋರಿಯಾ ರೂಪಾಯಿ 1862ರವರೆಗೂ, 1862 ಎಂದು ಬರೆದದ್ದು 1874ರವರೆಗೂ ಟಂಕವಾಯಿತು. ಎರಡನೆಯದರ ಚುಕ್ಕೆಗಳನ್ನು ಎಣಿಸಿ ವರ್ಷ ಊಹಿಸುತ್ತಾರೆ. 1893ರಲ್ಲಿ ಟಂಕಸಾಲೆಗಳು ಖಾಸಗಿಯವರಿಂದ ಬೆಳ್ಳಿ ತೆಗೆದುಕೊಂಡು ರೂಪಾಯಿ ಮಾಡಿಕೊಡುವುದನ್ನು ನಿಲ್ಲಿಸಿದವು. ಬರಬರುತ್ತಾ ರೂಪಾಯಿಯ ಬೆಲೆ ಅದರೊಳಗಿನ ಬೆಳ್ಳಿಯ ಬೆಲೆಗಿಂತ ಮೇಲೇರಿತು. ಪೂರ್ತಿ ಬೆಳ್ಳಿ ಹಾಕಿ ಖೋಟಾ ರೂಪಾಯಿ ಮಾಡಿದರೂ ಲಾಭ ಎಂಬ ಸ್ಥಿತಿ ಬಂದು, ಲೋಹಪರೀಕ್ಷೆಯೊಂದೇ ಸಾಲದಾಯಿತು. ಅಚ್ಚಿನ ಅಕ್ಷರ, ಅಂಚಿನ ಹಲ್ಲು, ನೆಲದ ಮೇಲೆ ಬಿದ್ದಾಗಿನ ನಾದ ಎಲ್ಲವನ್ನೂ ನೋಡಬೇಕಾಯಿತು. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ನಿಲುವಂಗಿಯ ಆನೆ ಹಂದಿಯಂತೆ ಕಂಡು ಜನ ಆಕ್ಷೇಪಿಸಿದ್ದರಿಂದ ಮರುವರ್ಷವೇ ಚಿತ್ರ ತಿದ್ದಿದರು; ಆ ಆನೆಯ ಸೊಂಡಿಲು ಇಂದಿಗೂ ಸಂಗ್ರಾಹಕರು ಮೊದಲು ನೋಡುವ ಜಾಗ. 1940ರಿಂದ ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿಯಿತು. ಖೋಟಾ ತಡೆಯಲು ಅಂಚಿನಲ್ಲಿ ಒಂದು ತೋಡು ಕೊರೆದರು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. ಹಳೆಯ ಪ್ರಮಾಣದ ಕೊನೆಯ ರೂಪಾಯಿ 1939ರದು ಬಹಳ ಅಪರೂಪವಾದ್ದರಿಂದ 1938ರ ಎಂಟನ್ನು ಒಂಬತ್ತಾಗಿ ಕೆತ್ತಿದ ನಕಲಿಗಳಿವೆ. ಭೂತಗನ್ನಡಿಯಲ್ಲಿ ಆ ಅಂಕಿಯ ಸುತ್ತ ಉಳಿಯ ಗೀರು ಕಾಣುತ್ತದೆ.

ಸವೆತ ನೋಡಿ ದರ್ಜೆ ನಿರ್ಣಯಿಸುವ ಪದ್ಧತಿ ಸಂಗ್ರಾಹಕರ ಕಾಲದ್ದು. ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ತಮ್ಮ ದೇಶದ ಹಳೆಯ ತಾಮ್ರದ ಸೆಂಟ್‌ಗಳಿಗಾಗಿ 70 ಅಂಕಗಳ ಮಾಪಕ ರೂಪಿಸಿದರು. ಮುಂದೆ ಅದು ಎಲ್ಲ ಲೋಹಗಳಿಗೂ ಹಬ್ಬಿತು. 1986 ಮತ್ತು 1987ರಲ್ಲಿ ಅಲ್ಲಿ ಹುಟ್ಟಿದ ಪಿಸಿಜಿಎಸ್, ಎನ್‌ಜಿಸಿ ಸಂಸ್ಥೆಗಳು ನಾಣ್ಯವನ್ನು ಪ್ಲಾಸ್ಟಿಕ್ ಕವಚದಲ್ಲಿಟ್ಟು ಅಂಕ ಬರೆದು ಕೊಡುತ್ತವೆ. ಅಂಕ ಯಾವುದೇ ಇರಲಿ, ನೋಡುವುದು ಉಬ್ಬಿದ ಜಾಗಗಳನ್ನೇ. ವಿಕ್ಟೋರಿಯಾ ರೂಪಾಯಿಯಲ್ಲಿ ಕಿವಿಯ ಮೇಲಿನ ಕೂದಲು ಮತ್ತು ಉಡುಪಿನ ಕಸೂತಿ, ಏಳನೇ ಎಡ್ವರ್ಡ್‌ನಲ್ಲಿ ಕಿವಿಯ ಮೇಲಿನ ಕೂದಲೆಳೆ, ಐದನೇ ಜಾರ್ಜ್‌ನಲ್ಲಿ ಕಿರೀಟ ಮೊದಲು ಸವೆಯುತ್ತವೆ. ಅಚ್ಚು ಸರಿಯಾಗಿ ಬೀಳದೆ ಮಸುಕಾದದ್ದನ್ನೂ ಬಳಕೆಯ ಸವೆತವನ್ನೂ ಬೇರ್ಪಡಿಸುವುದೇ ಕಷ್ಟದ ಕೆಲಸ. ಅಚ್ಚಿನ ಒತ್ತಡಕ್ಕೆ ಲೋಹ ಹೊರಮುಖವಾಗಿ ಹರಿದು ಸೂಕ್ಷ್ಮ ಗೆರೆಗಳು ಮೂಡುತ್ತವೆ. ನಾಣ್ಯವನ್ನು ದೀಪದಡಿ ಓರೆಮಾಡಿ ಆಡಿಸಿದರೆ ಆ ಗೆರೆಗಳ ಹೊಳಪು ಸುತ್ತ ತಿರುಗುತ್ತದೆ. ಮಸುಕಾದ ಜಾಗದಲ್ಲೂ ಹೊಳಪು ತಿರುಗಿದರೆ ಅದು ಅಚ್ಚಿನ ಕೊರತೆ. ಬೂದುಬಣ್ಣಕ್ಕೆ ತಿರುಗಿ ಸತ್ತಿದ್ದರೆ ಸವೆತ.

ಈ ಹೊಳಪನ್ನು ನಮ್ಮ ಮನೆಗಳು ತಿಳಿಯದೆ ಕಳೆದಿವೆ. ಲಕ್ಷ್ಮೀಪೂಜೆಗೆ ಇಡುವ ರಾಣಿ ಛಾಪಿನ ರೂಪಾಯಿಗಳನ್ನು ಹುಣಸೆಹುಳಿ, ವಿಭೂತಿ ಹಾಕಿ ಉಜ್ಜಿದಾಗ ಕಪ್ಪಿನ ಜೊತೆ ಮೇಲ್ಮೈಯೂ ಹೋಗುತ್ತದೆ. ಗಾಳಿಯಲ್ಲಿನ ಗಂಧಕಕ್ಕೆ ಬೆಳ್ಳಿ ನಿಧಾನವಾಗಿ ಹಳದಿ, ಕಂದು, ನೀಲಿಯಾಗಿ ಕಪ್ಪಾಗುವುದು ಸಹಜ. ಅದು ಕೊಳೆಯಲ್ಲ, ಹಾಗೇ ಬಿಡಬೇಕು. ಸರಕ್ಕೆ ಪೋಣಿಸಲು ಬೆಸೆದಿದ್ದ ಕೊಂಡಿಯನ್ನು ತೆಗೆದು ತಿದ್ದಿದ ಗುರುತು ಅಂಚಿನಲ್ಲಿ ಸಿಗುತ್ತದೆ.

ಎರಕದ ನಕಲಿಯಲ್ಲಿ ಸೂಜಿಮೊನೆಯಂಥ ರಂಧ್ರಗಳು, ಮೊಂಡಾದ ಅಕ್ಷರ, ಅಂಚಿನಲ್ಲಿ ಬೆಸುಗೆಯ ಗೆರೆ ಕಾಣುತ್ತವೆ. ಅಚ್ಚು ಕೆತ್ತಿ ಮಾಡಿದ ನಕಲಿ ಇದಕ್ಕಿಂತ ಅಪಾಯಕಾರಿ. ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ (1772–1830) ಪ್ರಾಚೀನ ನಾಣ್ಯಗಳ ಅಚ್ಚು ಕೆತ್ತಿ, ಟಂಕಿಸಿದ ಬಿಲ್ಲೆಗಳನ್ನು ಕಬ್ಬಿಣದ ಪುಡಿಯ ಪೆಟ್ಟಿಗೆಯಲ್ಲಿಟ್ಟು ಗಾಡಿಗೆ ಕಟ್ಟಿ ಓಡಿಸಿ ಸವೆಸುತ್ತಿದ್ದನೆಂದು ಪ್ರಸಿದ್ಧಿ. ಎರಡು ನಾಣ್ಯಗಳಲ್ಲಿ ಒಂದೇ ಗೀರು ಒಂದೇ ಜಾಗದಲ್ಲಿ ಕಂಡರೆ ಎರಡನ್ನೂ ಅನುಮಾನಿಸಬೇಕು.

ಈಗ ಎಕ್ಸ್-ಕಿರಣ ಯಂತ್ರ ಕ್ಷಣದಲ್ಲಿ ಲೋಹದ ಪಟ್ಟಿ ಕೊಡುತ್ತದೆ. ಆದರೆ ಅದು ಓದುವುದು ತೀರ ಮೇಲಿನ ಪದರವನ್ನು. ಬೆರಕೆ ಬೆಳ್ಳಿಯ ಮೇಲ್ಮೈಯಿಂದ ತಾಮ್ರ ಕರಗಿ ಬೆಳ್ಳಿ ಉಳಿದಿರುವ ಪ್ರಾಚೀನ ನಾಣ್ಯದಲ್ಲಿ ಯಂತ್ರ ಹೆಚ್ಚು ಬೆಳ್ಳಿ ತೋರಿಸುತ್ತದೆ. ಆದ್ದರಿಂದ ನೀರಿನಲ್ಲಿ ತೂಗಿ ಸಾಂದ್ರತೆ ಕಾಣುವ ಹಳೆಯ ಕ್ರಮವನ್ನೂ ಬಿಟ್ಟಿಲ್ಲ: ಶುದ್ಧ ಬೆಳ್ಳಿಗೆ 10.49, ತಾಮ್ರಕ್ಕೆ 8.96. ಆದರೆ ಯಾವ ಕ್ರಮವಿದ್ದರೂ, ಸಿಕ್ಕ ನಿಧಿಯನ್ನು ಚದುರಿಸಿ ಹಂಚಿ, ನಾಣ್ಯಗಳನ್ನು ತೊಳೆದು ಮಾರಿದರೆ ಕೋಸಂಬಿಯವರು ಮಾಡಿದಂಥ ತೂಕದ ಅಧ್ಯಯನ ಸಾಧ್ಯವೇ ಆಗುವುದಿಲ್ಲ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕೆಂದು 1878ರ ಕಾಯ್ದೆ ಹೇಳುತ್ತದೆ. 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅನುಮತಿಯಿಲ್ಲದೆ ಅದನ್ನು ದೇಶದಾಚೆ ಒಯ್ಯುವಂತಿಲ್ಲ.