ನಾಲ್ಕು ಬೆರಳು ಆಳದ ಚಂದ್ರ

ಸೂಲಿಬೆಲೆ ಸುತ್ತಿನ ರಾಗಿ ಹೊಲಗಳಲ್ಲಿ ಬೇಸಿಗೆಯ ನಡುಮಧ್ಯಾಹ್ನ ಬರಿಗಾಲಿಟ್ಟರೆ ಅಂಗಾಲು ಚುರುಗುಟ್ಟುತ್ತದೆ. ನಾಲ್ಕು ಬೆರಳು ಕೆದಕಿದರೆ ಕೆಂಪು ಮಣ್ಣು ತುಸು ತಣ್ಣಗಿರುತ್ತದೆ, ಅಷ್ಟೇ. ಚಂದ್ರನ ಮೇಲೆ ಅಷ್ಟೇ ಆಳಕ್ಕೆ ಇಳಿದರೆ ನೀರು ಹೆಪ್ಪುಗಟ್ಟುವಷ್ಟು ಚಳಿ. ದಕ್ಷಿಣ ಧ್ರುವದ ಕಡೆಯ ನೆಲದಲ್ಲೇ ನಿಂತು ಇದನ್ನು ಮೊದಲು ಅಳೆದದ್ದು ಚಂದ್ರಯಾನ-3.

2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಅದರ ಲ್ಯಾಂಡರ್ ವಿಕ್ರಮ್ ಚಂದ್ರನ ಮೇಲೆ ಇಳಿಯಿತು. ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋದ ಇಸ್ಟ್ರಾಕ್‌ ಕೇಂದ್ರದಲ್ಲಿ ಎದ್ದ ಚಪ್ಪಾಳೆಯನ್ನು ನಾಡೆಲ್ಲ ನೋಡಿತು. ಆ ಇಳಿತಕ್ಕಾಗಿ ತಮಿಳುನಾಡಿನ ಸಿತ್ತಂಪೂಂಡಿಯ ಅನಾರ್ಥೊಸೈಟ್ ಕಲ್ಲನ್ನು ಪುಡಿಮಾಡಿ ಬೆಂಗಳೂರಿನಲ್ಲಿ ಚಂದ್ರನ ನೆಲದಂಥ ನೆಲವನ್ನೇ ಹಾಸಲಾಗಿತ್ತು. ಆದರೂ ವಿಜ್ಞಾನದ ದೃಷ್ಟಿಯಿಂದ ಹೆಚ್ಚು ತೂಕದ್ದು ಮುಂದಿನ ದಿನಗಳಲ್ಲಿ ನಡೆದ ಕೆಲಸ.

ವಿಕ್ರಮ್ ಹೊತ್ತಿದ್ದ 'ಚೇಸ್ಟ್' ಎಂಬ ಉಪಕರಣ ಹತ್ತು ತಾಪಸಂವೇದಕಗಳಿದ್ದ ಸಣ್ಣ ಕೋಲೊಂದನ್ನು ಮೆಲ್ಲಗೆ ಚಂದ್ರನ ಧೂಳಿಗೆ ಊರಿತು. ಇಸ್ರೋ ಆಗ ಬಿಡುಗಡೆ ಮಾಡಿದ ಗ್ರಾಫ್‌ನಲ್ಲಿ ಮೇಲ್ಮೈ ಉಷ್ಣತೆ 50 ಡಿಗ್ರಿ ಸೆಲ್ಸಿಯಸ್ ದಾಟಿತ್ತು. 8 ಸೆಂಟಿಮೀಟರ್ ಕೆಳಗೆ ಅದು ಸೊನ್ನೆಗಿಂತ ಸುಮಾರು 10 ಡಿಗ್ರಿ ಕಡಿಮೆ. ಹೊಲದ ಮಣ್ಣಿನ ಕಣಗಳ ನಡುವೆ ಗಾಳಿಯೂ ತೇವವೂ ಇದ್ದು ಶಾಖವನ್ನು ದಾಟಿಸುತ್ತವೆ. ಚಂದ್ರನ ಧೂಳಿಗೆ ಎರಡೂ ಇಲ್ಲ. ಬಹುಮಟ್ಟಿಗೆ ಕಣಕ್ಕೆ ಕಣ ತಾಗಿದ ಕಡೆಯೇ ಶಾಖಕ್ಕೆ ದಾರಿ. ಹಾಗಾಗಿ ಮೇಲಿನ ಬಿಸಿಲು ಮೇಲೆಯೇ ನಿಲ್ಲುತ್ತದೆ.

2025ರಲ್ಲಿ ಪ್ರಕಟವಾದ ವಿಶ್ಲೇಷಣೆ ಇನ್ನಷ್ಟು ಕುತೂಹಲದ್ದು. ಕೋಲು ಊರಿದ್ದು ಸೂರ್ಯನತ್ತ 6 ಡಿಗ್ರಿಯಷ್ಟು ವಾಲಿದ್ದ ನೆಲದಲ್ಲಿ. ಅಲ್ಲಿ ಗರಿಷ್ಠ ತಾಪ 82 ಡಿಗ್ರಿ ಮುಟ್ಟಿತು. ಸುಮಾರು ಒಂದು ಮೀಟರ್ ಆಚೆಯ ಮಟ್ಟಸ ನೆಲದಲ್ಲಿ ಬರೀ 59. ಹೊಲದ ಬದುವಿನ ಬಿಸಿಲು ಮಗ್ಗುಲಿಗೂ ನೆರಳು ಮಗ್ಗುಲಿಗೂ ವ್ಯತ್ಯಾಸವಿರುವುದು ರೈತನಿಗೆ ಗೊತ್ತು, ಆದರೆ 23 ಡಿಗ್ರಿಯ ಅಂತರ!

ಚಂದ್ರನಲ್ಲಿ ನೀರಿದೆಯೇ ಎಂಬ ಪ್ರಶ್ನೆ ಇಲ್ಲಿಗೇ ಬಂದು ಸೇರುತ್ತದೆ. 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1ರಲ್ಲಿದ್ದ ನಾಸಾದ ಖನಿಜ ನಕಾಶೆ ಉಪಕರಣ ನೀರು ಮತ್ತು ಹೈಡ್ರಾಕ್ಸಿಲ್ ಅಣುಗಳ ಗುರುತು ತೋರಿಸಿತ್ತು. ಈಗ ಚೇಸ್ಟ್ ಲೆಕ್ಕದ ಪ್ರಕಾರ, ವಿಕ್ರಮ್ ಇಳಿದ ಅಕ್ಷಾಂಶದಲ್ಲೂ ಧ್ರುವದ ಕಡೆಗೆ 14 ಡಿಗ್ರಿಗಿಂತ ಹೆಚ್ಚು ವಾಲಿದ ಇಳಿಜಾರುಗಳ ಮೇಲ್ಮೈಯ ತುಸು ಕೆಳಗೆ ಮಂಜುಗಡ್ಡೆ ಉಳಿಯಬಲ್ಲದು. ಧ್ರುವದ ಕಡುಗತ್ತಲ ಕುಳಿಗಳಿಗಿಂತ ಇಂಥ ಜಾಗದಲ್ಲಿ ಇಳಿಯುವುದು ಸುಲಭ. ನೀರು ಹುಡುಕುವವರಿಗೆ ಇದು ಸಣ್ಣ ಸುದ್ದಿಯಲ್ಲ.

2023ರ ಸೆಪ್ಟೆಂಬರ್ 3ರಂದು ವಿಕ್ರಮ್ ಕೋಲನ್ನು ಮಡಚಿಕೊಂಡು, ಎಂಜಿನ್ ಉರಿಸಿ ಸುಮಾರು 40 ಸೆಂಟಿಮೀಟರ್ ಮೇಲೆದ್ದು, 30ರಿಂದ 40 ಸೆಂಟಿಮೀಟರ್ ದೂರ ಸರಿದು ಕುಳಿತಿತು. ನಿದ್ದೆಗೆ ಜಾರುವ ಮುನ್ನ ಆ ಹೊಸ ಜಾಗದಲ್ಲೂ ಚೇಸ್ಟ್ ಮತ್ತೊಮ್ಮೆ ಮಣ್ಣಿನ ಬಿಸಿ ನೋಡಿತು.