ಕ್ಯಾಡ್‌ಬರಿ ಜಂಕ್ಷನ್‌ನಿಂದ ಕೆಮ್ಮಿಂಜೆಗೆ

ಮುಲುಂಡ್‌ನಿಂದ ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಠಾಣೆಯ ಕಡೆ ಹೊರಟರೆ ಮೊದಲು ಆನಂದನಗರ ಟೋಲ್ ನಾಕಾ, ಆಮೇಲೆ ತೀನ್ ಹಾತ್ ನಾಕಾ, ನಿತಿನ್ ಕಂಪನಿ, ಅದಾದ ಮೇಲೆ ಕ್ಯಾಡ್‌ಬರಿ ಜಂಕ್ಷನ್. ಕಾರ್ಖಾನೆಗಳ ಹೆಸರನ್ನೇ ಸಿಗ್ನಲ್ಲುಗಳಿಗೆ ಇಟ್ಟುಕೊಂಡ ಊರು ಠಾಣೆ. ನನ್ನ ಆಫೀಸು ಘೋಡ್‌ಬಂದರ್ ರಸ್ತೆಯಲ್ಲಿದೆ. ಹನ್ನೊಂದು ವರ್ಷಗಳಿಂದ ವಾರಕ್ಕೆ ನಾಲ್ಕೈದು ದಿನ ಈ ಜಂಕ್ಷನ್ ದಾಟುತ್ತಿದ್ದೇನೆ. ಚಾಕೊಲೇಟ್ ಕಾರ್ಖಾನೆಯಿಂದ ಬಂದ ಆ ಹೆಸರಿಗೂ ವಿಟ್ಲದಾಚೆಯ ನಮ್ಮ ಅಡಿಕೆ ತೋಟಕ್ಕೂ ಇರುವ ನಂಟು ನನಗೆ ಹೊಳೆದದ್ದು ಮಾತ್ರ 2024ರಲ್ಲಿ.

ಆ ವರ್ಷದ ಏಪ್ರಿಲ್ ಕೊನೆಯಲ್ಲಿ ಅದೇ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಊರಿನಿಂದ ತಮ್ಮನ ಫೋನು ಬಂತು. "ಅಣ್ಣಾ, ಕೊಕ್ಕೊ ಹಸಿ ಬೀಜ ಕಿಲೋಗೆ ಮುನ್ನೂರರ ಹತ್ತಿರ ಹೋಗಿದೆ. ಕೆಳಗಿನ ತೋಟಕ್ಕೆ ಮುನ್ನೂರು ಗಿಡ ಹಾಕುವಾ ಅಂತ. ಸಾಲಕ್ಕೆ ನಿನ್ನ ಸಹಿಯೂ ಬೇಕು, ನೀನು ಒಂದು ಮಾತು ಹೇಳು." ನಮ್ಮ ಮನೆಮಾತು ತುಳು, ಅವನು ಹೇಳಿದ್ದೂ ತುಳುವಿನಲ್ಲೇ. ನಾನು ಕೂಡಲೇ ಹೂಂ ಅನ್ನಲಿಲ್ಲ. "ಅಪ್ಪ ಏನು ಹೇಳುತ್ತಾರೆ?" ಎಂದು ಕೇಳಿದೆ. "ಅಪ್ಪ ಏನೂ ಹೇಳುವುದಿಲ್ಲ, ಎದ್ದು ಹೋಗುತ್ತಾರೆ" ಎಂದ.

ಅಪ್ಪ ಯಾಕೆ ಎದ್ದು ಹೋದರು ಎಂದು ತಿಳಿಯಬೇಕಾದರೆ ಅಜ್ಜನ ಕಾಲಕ್ಕೆ ಹೋಗಬೇಕು.

ಅಜ್ಜ ಚಾಲಗೇಣಿ ಒಕ್ಕಲು. ದಕ್ಷಿಣ ಕನ್ನಡದಲ್ಲಿ ಮೂಲಗೇಣಿ ಅಂದರೆ ಶಾಶ್ವತ ಒಕ್ಕಲುತನ, ಚಾಲಗೇಣಿ ಅಂದರೆ ಧಣಿಗಳ ಮರ್ಜಿ ಇರುವಷ್ಟು ದಿನ. ಒಂದು ಹಳೆಯ ಕಂಗಿನ ತೋಟ, ಎರಡು ಮಜಲು ಗದ್ದೆ, ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಎಂದು ಲೆಕ್ಕ. ಚಾಲಗೇಣಿಯವನು ಭತ್ತ ಬೆಳೆಯುತ್ತಾನೆ, ಉದ್ದು ಹೆಸರು ಬಿತ್ತುತ್ತಾನೆ, ಆದರೆ ಮರ ನೆಡುವುದಿಲ್ಲ. ನೆಟ್ಟ ಮರ ಫಲ ಕೊಡುವ ಹೊತ್ತಿಗೆ ತಾನು ಆ ಜಾಗದಲ್ಲಿ ಇರುತ್ತೇನೋ ಇಲ್ಲವೋ ಎಂಬುದೇ ಅವನಿಗೆ ಗೊತ್ತಿರುವುದಿಲ್ಲ. ಕರಾವಳಿಯ ಕೃಷಿ ಚರಿತ್ರೆ ಬರೆಯುವವರು ಗೊಬ್ಬರ, ತಳಿ, ಪಂಪ್‌ಸೆಟ್ಟಿನ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನನಗೆ ಅನ್ನಿಸುವುದು, ಹೊಸ ಬೆಳೆಗೆ ಬೇಕಾದ ಮೊದಲ ಗೊಬ್ಬರ ಕಾಗದಪತ್ರ. ದೇವರಾಜ ಅರಸು ಸರಕಾರದ ತಿದ್ದುಪಡಿಯ ಪ್ರಕಾರ 1974ರ ಮಾರ್ಚ್ 1ಕ್ಕೆ ಗೇಣಿ ಭೂಮಿ ಸರಕಾರದ ವಶವಾಯಿತು. ಒಕ್ಕಲು 7ನೇ ನಮೂನೆಯಲ್ಲಿ ಅರ್ಜಿ ಕೊಟ್ಟು ಭೂ ನ್ಯಾಯಮಂಡಳಿಯ ಮುಂದೆ ನಿಂತರೆ ಅದು ಅವನ ಹೆಸರಿಗೆ. ಅಜ್ಜನಿಗೆ ಆದೇಶ ಸಿಕ್ಕಿದ್ದು 1976ರಲ್ಲಿ. ಮರುವರ್ಷವೇ ಅವರು ಮರ ನೆಡಲು ಹೊರಟರು.

ಯಾವ ಮರ ಎಂಬುದು ಪ್ರಶ್ನೆ. ಅಡಿಕೆ ಎಂದೇ ಯಾರಾದರೂ ಹೇಳುತ್ತಾರೆ. ಆದರೆ ಆಗಿನವರಿಗೆ ಅಡಿಕೆಯ ಮೇಲಿನ ನಂಬಿಕೆ ಅಲುಗಿತ್ತು. ಸ್ವಾತಂತ್ರ್ಯದ ಹೊತ್ತಿಗೆ ದೇಶಕ್ಕೆ ಬೇಕಾದ ಅಡಿಕೆಯಲ್ಲಿ ಒಳ್ಳೆಯ ಪಾಲು ಸಿಲೋನ್, ಮಲಯಗಳಿಂದ ಬರುತ್ತಿತ್ತು. ಆಮದು ತಗ್ಗುತ್ತ ಇಲ್ಲಿ ತೋಟಗಳು ಹೆಚ್ಚಿ, 1970ರ ಸುಮಾರಿಗೆ ನಮ್ಮ ಬೆಳೆಯೇ ನಮಗೆ ಸಾಕಾಗುವಷ್ಟಾಯಿತು. ಆಗಲೇ ಧಾರಣೆ ಕುಸಿಯಿತು. ನಮ್ಮ ಬಿಳಿ ಚಾಲಿ ಅಡಿಕೆಯನ್ನು ತಿನ್ನುವವರು ಗುಜರಾತ್, ರಾಜಸ್ಥಾನ, ಮಹಾರಾಷ್ಟ್ರದಲ್ಲಿ. ಬೆಳೆದವನಿಗೂ ತಿನ್ನುವವನಿಗೂ ನಡುವೆ ಯಾರು ಯಾರಿದ್ದಾರೆ ಎಂಬುದೇ ಬೆಳೆದವನಿಗೆ ಗೊತ್ತಿರಲಿಲ್ಲ. ಆ ಕುಸಿತದ ಫಲವಾಗಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೋ ಹುಟ್ಟಿತು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರ ಸಹಕಾರಿ ಸಂಸ್ಥೆ. ಸ್ಥಾಪಕ ಅಧ್ಯಕ್ಷರು ವಾರಣಾಶಿ ಸುಬ್ರಾಯ ಭಟ್ಟರು. ಅಡಿಕೆಗೆ ಒಂದು ಆಧಾರ ಸಿಕ್ಕಿತು, ಆದರೆ ಒಂದೇ ಬೆಳೆಯನ್ನು ನೆಚ್ಚಿ ಕೂರಬಾರದು ಎಂಬ ಮಾತು ಎಲ್ಲರ ಬಾಯಲ್ಲೂ ಬಂದಿತ್ತು.

ಕೋಕೋ ಬಂದದ್ದು ಆ ಸಂದಿಯಲ್ಲಿ. ಕ್ಯಾಡ್‌ಬರಿ ಕಂಪನಿ 1965ರಲ್ಲಿ ವಯನಾಡಿನ ಚುಂಡೇಲ್‌ನಲ್ಲಿ ಕೋಕೋದ ಪ್ರಾತ್ಯಕ್ಷಿಕೆ ತೋಟ ಮಾಡಿತ್ತು. ಇಲ್ಲಿಯೇ ಚಾಕೊಲೇಟ್ ಮಾಡುವವರಿಗೆ ಬೀಜವೂ ಇಲ್ಲಿಯೇ ಸಿಕ್ಕರೆ ಅನುಕೂಲ. ಇತ್ತ ವಿಟ್ಲದಲ್ಲಿ 1956ರಿಂದ ಕೇಂದ್ರೀಯ ಅಡಿಕೆ ಸಂಶೋಧನಾ ಕೇಂದ್ರವಿತ್ತು. 1970ರಲ್ಲಿ ಅದು ಕಾಸರಗೋಡಿನ ತೆಂಗು ಸಂಶೋಧನಾ ಕೇಂದ್ರದೊಂದಿಗೆ ಸೇರಿ ಸಿಪಿಸಿಆರ್‌ಐ ಆಯಿತು. ಅಡಿಕೆ ಮರಗಳ ನಡುವೆ ಕೋಕೋ ಬೆಳೆಯಬಹುದು, ಅದಕ್ಕೆ ಬೇಕಾದ ನೆರಳನ್ನು ಅಡಿಕೆಯೇ ಕೊಡುತ್ತದೆ ಎಂದು ಅಲ್ಲಿನವರು ಬೆಳೆಸಿ ತೋರಿಸಿದರು. ಬೇರೆ ಜಾಗ ಬೇಡ, ಬೇರೆ ನೀರು ಬೇಡ. ಎರಡು ಎಕರೆಯವನಿಗೆ ಇದಕ್ಕಿಂತ ಚೆನ್ನಾದ ಸುದ್ದಿ ಯಾವುದು?

ಅದರ ಮೇಲೆ 1977. ಆ ವರ್ಷ ನ್ಯೂಯಾರ್ಕಿನ ಪೇಟೆಯಲ್ಲಿ ಕೋಕೋ ಟನ್ನಿಗೆ 5,000 ಡಾಲರ್ ದಾಟಿತು. ಆ ದಾಖಲೆ ಮುರಿಯಲು ಮುಂದೆ 46 ವರ್ಷ ಬೇಕಾಯಿತು. ಅಜ್ಜನಿಗೆ ನ್ಯೂಯಾರ್ಕ್ ಗೊತ್ತಿರಲಿಲ್ಲ. ವಿಟ್ಲದ ಪೇಟೆಯಲ್ಲಿ ಗಿಡ ಕೊಡಿಸುವ ಏಜೆಂಟರೊಬ್ಬರು ಹೇಳಿದ್ದು ಗೊತ್ತಿತ್ತು.

ತೋಟವನ್ನು ಕೋಕೋಗೆ ತಯಾರು ಮಾಡಿದ ಕಥೆಯನ್ನು ಅಜ್ಜಿ ನಮಗೆ ಎಷ್ಟು ಸಲ ಹೇಳಿದ್ದರೋ. ಶಿಫಾರಸು ಇದ್ದದ್ದು 2.7 ಮೀಟರ್ ಅಂತರದ ಅಡಿಕೆಯ ನಡುವೆ, ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಕೋಕೋ. ಆದರೆ ಅಜ್ಜನಿಗೆ ಸಿಕ್ಕ ಕಂಗಿನ ತೋಟದಲ್ಲಿ ಸಾಲೇ ಇರಲಿಲ್ಲ. ಹಿಂದಿನವರು ಕಂಡಕಂಡಲ್ಲಿ ನೆಟ್ಟಿದ್ದರು. ಸಾಲು ಬರಬೇಕಾದರೆ ನಡುವೆ ಸಿಗುವ ಮರ ಕಡಿಯಬೇಕು. ಅಜ್ಜ ಬಾಳೆಹಗ್ಗ ಎಳೆದು ಗುರುತು ಮಾಡಿ ನಲವತ್ತು ಮರ ಕಡಿದರು. ಗೇಣಿಗೆ ಇದ್ದಾಗ ಒಂದು ಮರ ಬಿದ್ದರೂ ಧಣಿಗಳಿಗೆ ಹೋಗಿ ಹೇಳಬೇಕಾಗಿದ್ದ ಮನುಷ್ಯ, ಮೊದಲ ಸಲ ಯಾರನ್ನೂ ಕೇಳದೆ ಕೊಡಲಿ ಎತ್ತಿದ್ದು ಅದು. ಅಜ್ಜಿ ಆ ದಿನ ಅಡುಗೆ ಮಾಡಲಿಲ್ಲವಂತೆ. ಕಡಿದ ಮರ ವ್ಯರ್ಥವಾಗಲಿಲ್ಲ, ಸೀಳಿ ದಂಬೆ ಮಾಡಿದರು, ದನದ ಹಟ್ಟಿಗೆ ಸಲಕೆ ಆಯಿತು.

ಆಮೇಲೆ ಕಣಿ. ಕೋಕೋಗೆ ನೀರು ಬೇಕು, ಆದರೆ ಬುಡದಲ್ಲಿ ನೀರು ನಿಂತರೆ ಸಾಯುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ತೋಟವೇ ತೋಡಾಗುತ್ತದೆ. ಹಳೆಯ ಬಸಿಗಾಲುವೆಗಳನ್ನೆಲ್ಲ ಆಳ ಮಾಡಿ ತೋಡಿಗೆ ಸೇರಿಸಬೇಕು. ಮೊಣಕಾಲೆತ್ತರಕ್ಕೆ ಹೋಗುವಾಗ ಮುರಕಲ್ಲು, ಹಾರೆ ಹಿಡಿಯದು, ಪಿಕ್ಕಾಸೇ ಬೇಕು. ಅಪ್ಪನಿಗೆ ಆಗ ಹತ್ತೊಂಬತ್ತು. ಪಿಯುಸಿ ಮುಗಿಸಿ ಮಂಗಳೂರಿಗೆ ಹೋಗುವ ಯೋಚನೆಯಲ್ಲಿದ್ದವರು ಆ ಬೇಸಿಗೆ ಪೂರ್ತಿ ಕಣಿ ತೆಗೆದರು. ಮಂಗಳೂರಿಗೆ ಹೋಗಲೇ ಇಲ್ಲ. ಬೇಸಿಗೆಯ ನೀರಿಗೆಂದು ಬಾವಿಯನ್ನು ಇನ್ನೂ ಇಳಿಸಿದರು, ಸೊಸೈಟಿಯ ಸಾಲದಿಂದ ಸೀಮೆಎಣ್ಣೆ ಪಂಪು ಬಂತು. ಒಂದೊಂದು ಗಿಡಕ್ಕೂ ಒಂದು ಮೊಳಕ್ಕಿಂತ ಹೆಚ್ಚು ಆಳದ ಗುಂಡಿ, ಸೊಪ್ಪು, ಹಟ್ಟಿಗೊಬ್ಬರ, ಮೇಲ್ಮಣ್ಣು. 1977ರ ಮಳೆಗಾಲದ ಮೊದಲಿಗೆ ಇನ್ನೂರು ಚಿಲ್ಲರೆ ಗಿಡ ಭೂಮಿಗೆ ಇಳಿದವು.

ಕೋಕೋ ಫಸಲಿಗೆ ಬರಲು ಮೂರು ವರ್ಷ ಬೇಕು. ನನ್ನ ವೃತ್ತಿಯಲ್ಲಿ ಇದನ್ನು ಲೀಡ್ ಟೈಮ್ ಅನ್ನುತ್ತೇವೆ. ಸಾಫ್ಟ್‌ವೇರಿನಲ್ಲಿ ಮೂರು ವರ್ಷ ಅಂದರೆ ಗ್ರಾಹಕರೇ ಬದಲಾಗಿರುತ್ತಾರೆ. ತೋಟದಲ್ಲೂ ಆದದ್ದು ಅದೇ. ಐವರಿ ಕೋಸ್ಟ್ ದೇಶ ಕಾಡು ಕಡಿದು ಕೋಕೋ ಹಾಕುತ್ತ 1970ರ ದಶಕದ ಕೊನೆಗೆ ಘಾನಾವನ್ನು ಹಿಂದಿಕ್ಕಿತು, ಮಲೇಷ್ಯಾದಲ್ಲೂ ತೋಟಗಳು ಎದ್ದವು. 1977ರ ಬೆಲೆ ನೋಡಿ ನೆಟ್ಟವರು ಅಜ್ಜ ಒಬ್ಬರೇ ಅಲ್ಲ, ಇಡೀ ಪ್ರಪಂಚವೇ ನೆಟ್ಟಿತ್ತು. 1980ರ ಹೊತ್ತಿಗೆ ಬೆಲೆ ಇಳಿಯತೊಡಗಿತು, ದಕ್ಷಿಣ ಕನ್ನಡದಲ್ಲಿ ಖಾಸಗಿ ಖರೀದಿ ಹಿಂದೆ ಸರಿಯಿತು. ಅಜ್ಜನ ತೋಟದಲ್ಲಿ ಕಾಯಿಗಳು ಕಾಂಡಕ್ಕೇ ಅಂಟಿಕೊಂಡು ಹಳದಿ ತಿರುಗಿ ನಿಂತದ್ದು ಸರಿಯಾಗಿ ಆಗಲೇ. ಏಜೆಂಟರು ಮೊದಲು ಮುಂದಿನ ವಾರ ಅಂದರು, ಆಮೇಲೆ ಕಾಣಿಸಲಿಲ್ಲ. ಭತ್ತವಾದರೆ ಮನೆಯಲ್ಲೇ ಉಣ್ಣಬಹುದು. ಅಡಿಕೆಯನ್ನು ಅಟ್ಟದ ಮೇಲೆ ಹಾಕಿ ಒಂದು ವರ್ಷ ಕಾಯಬಹುದು. ಕೋಕೋ ಕಾಯಿಯನ್ನು ಏನು ಮಾಡುವುದು? ಕಳಿತದ್ದನ್ನು ಬಿಟ್ಟರೆ ಕೊಳೆಯುತ್ತದೆ, ಒಡೆದು ಬೀಜ ತೆಗೆದರೆ ಮರುದಿನವೇ ಹುದುಗಲು ಶುರು. ಅಳಿಲು, ಇಲಿ ತಿಂದಷ್ಟು ತಿಂದವು.

1981ರ ಬೇಸಿಗೆಯಲ್ಲಿ ಅಜ್ಜ ಅದೇ ಕೊಡಲಿ ಹಿಡಿದು ಕೋಕೋ ಕಡಿಯಲು ಶುರು ಮಾಡಿದರು. ಜಿಲ್ಲೆಯಲ್ಲಿ ಹಾಗೆ ಕಡಿದವರು ಬೇಕಾದಷ್ಟು ಮಂದಿ. ತಾನು ಮುರಕಲ್ಲು ಕಡಿದು ಕಣಿ ತೆಗೆದ ಸಾಲುಗಳು ಒಂದೊಂದಾಗಿ ಖಾಲಿಯಾಗುವುದನ್ನು ಅಪ್ಪ ನೋಡಿದರು. ಬಾವಿಕಟ್ಟೆಯ ಬದಿಯ ಸಾಲಿಗೆ ಬಂದಾಗ ಅಜ್ಜಿ ತಡೆದರಂತೆ, "ಇದು ಇರಲಿ, ನೆರಳಿಗಾದರೂ ಆಯಿತು" ಎಂದು. ಹದಿನೆಂಟು ಗಿಡ ಉಳಿಯಿತು.

ಅಜ್ಜ ಇನ್ನು ಸ್ವಲ್ಪ ಕಾದಿದ್ದರೆ ಎಂದು ಹೇಳುವುದು ನನಗೆ ಸುಲಭ. ಯಾಕೆಂದರೆ ಅಷ್ಟರಲ್ಲೇ ಕ್ಯಾಂಪ್ಕೋ ಕೋಕೋ ಖರೀದಿಗೆ ಇಳಿದಿತ್ತು. ಅಡಿಕೆಗೆಂದು ಹುಟ್ಟಿದ ಸಂಸ್ಥೆಗೆ ಚಾಕೊಲೇಟಿನ ಗಂಧಗಾಳಿಯೂ ಇರಲಿಲ್ಲ. ಆದರೆ ಸದಸ್ಯರ ತೋಟದಲ್ಲಿ ಬೆಳೆದು ನಿಂತದ್ದನ್ನು ಕೊಳ್ಳುವವರೇ ಇಲ್ಲದಾಗ ಬೇರೆ ದಾರಿಯೂ ಇರಲಿಲ್ಲ. ಬೆಳೆಗಾರರಿಂದ ಹಸಿ ಬೀಜವನ್ನೇ ಕೊಂಡು, ತಾನೇ ಹುದುಗಿಸಿ ಒಣಗಿಸಿ, ಹೊರದೇಶಕ್ಕೂ ಕಳಿಸಿತು. ಕೊಂಡದ್ದನ್ನು ಹಾಗೇ ಮಾರಿಕೊಂಡು ಎಷ್ಟು ದಿನ? ಕೊನೆಗೆ ಪುತ್ತೂರಿನ ಕೆಮ್ಮಿಂಜೆಯಲ್ಲಿ ತನ್ನದೇ ಚಾಕೊಲೇಟ್ ಕಾರ್ಖಾನೆ ಕಟ್ಟಿತು. 1986ರ ಸೆಪ್ಟೆಂಬರ್ 1ರಂದು ಉದ್ಘಾಟನೆಗೆ ರಾಷ್ಟ್ರಪತಿ ಜ್ಞಾನಿ ಜೈಲ್ ಸಿಂಗ್ ಬಂದಿದ್ದರು. ಸಹಕಾರಿ ಸಂಸ್ಥೆಯೊಂದು ಚಾಕೊಲೇಟ್ ಮಾಡುತ್ತದೆ ಅಂದರೆ ಇವತ್ತು ಅಮುಲ್ ನೆನಪಾಗುತ್ತದೆ. ಅಡಿಕೆ ಬೆಳೆಗಾರರೂ ಆ ಧೈರ್ಯ ಮಾಡಿದ್ದರು ಎಂಬುದು ಮುಂಬೈಯಲ್ಲಿ ನನ್ನ ಜೊತೆ ಕೆಲಸ ಮಾಡುವವರಿಗೆ ಹೇಳಿದರೆ ನಂಬುವುದಿಲ್ಲ. ಊರಿಗೆ ಹೋದಾಗ ಕ್ಯಾಂಪ್ಕೋ ಬಾರ್ ತಂದು ಆಫೀಸಿನಲ್ಲಿ ಹಂಚುವುದು ಅದಕ್ಕೇ.

ನನಗೆ ನೆನಪಿರುವ ಕೋಕೋ ಆ ಹದಿನೆಂಟು ಗಿಡಗಳದ್ದು. ಭಾನುವಾರ ನಾನೂ ತಮ್ಮನೂ ಕಾಯಿ ಒಡೆಯುತ್ತಿದ್ದೆವು. ಕತ್ತಿ ಹಾಕಬಾರದು, ಬೀಜಕ್ಕೆ ತಾಗುತ್ತದೆ; ಕಲ್ಲಿಗೆ ಬಡಿಯಬೇಕು. ಬೀಜದ ಸುತ್ತಲಿನ ಬಿಳಿ ತಿರುಳನ್ನು ಚೀಪಿ ಚೀಪಿ ನಾಲಿಗೆ ದಡ್ಡಾಗುತ್ತಿತ್ತು. ಸೋಮವಾರ ಶಾಲೆಗೆ ಹೋಗುವಾಗ ವಿಟ್ಲದ ಕ್ಯಾಂಪ್ಕೋ ಶಾಖೆಯಲ್ಲಿ ತೂಕ ಹಾಕಿಸಿ ರಶೀದಿ ತರಬೇಕು. ಪುಸ್ತಕ, ಪೆನ್ನು, ಕೊನೆಗೆ ಸುರತ್ಕಲ್‌ನಲ್ಲಿ ಎಂ.ಟೆಕ್ ಓದುವಾಗಿನ ಬಸ್ ಪಾಸು ಎಲ್ಲ ಆ ರಶೀದಿಗಳಿಂದ. ಜಾಗತಿಕ ಬೆಲೆ 2000ದಲ್ಲಿ ಟನ್ನಿಗೆ 1,000 ಡಾಲರಿಗೂ ಕೆಳಗೆ ಬಿದ್ದಿತ್ತು ಎಂದು ಈಗ ಓದಿದಾಗ ಆಶ್ಚರ್ಯವಾಗುತ್ತದೆ. ವಿಟ್ಲದ ತಕ್ಕಡಿ ಮಾತ್ರ ಆಗಲೂ ನಿಂತಿರಲಿಲ್ಲ. ಬೆಲೆ ಕಡಿಮೆ ಎಂದು ಅಜ್ಜಿ ಬೈಯುತ್ತಿದ್ದರು, ಆದರೆ ಕೊಳ್ಳುವವರಿಲ್ಲ ಎಂದು ಹೇಳಿದ್ದನ್ನು ಕೇಳಿಲ್ಲ.

ಇಷ್ಟೆಲ್ಲ ತಿಳಿದುಕೊಂಡು ನಾನು ತಮ್ಮನಿಗೆ ಉತ್ತರ ಕೊಡಬೇಕಿತ್ತು. ಅವನ ಅವಸರಕ್ಕೂ ಕಾರಣವಿದೆ. ಸುಳ್ಯದ ಕಡೆಯ ತೋಟಗಳನ್ನು ಹಳದಿ ಎಲೆ ರೋಗ ತಿಂದಿದೆ, ಎಲೆಚುಕ್ಕಿ ರೋಗ ನಮ್ಮ ಕಡೆಗೂ ಬಂದಿದೆ, ಅಡಿಕೆ ಕ್ಯಾನ್ಸರ್‌ಕಾರಕ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿಯ ಮಾತು ತಲೆಯ ಮೇಲೆ ತೂಗುತ್ತಿದೆ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೋಕೋ ಬೆಳೆಯುವ ಐವರಿ ಕೋಸ್ಟ್, ಘಾನಾಗಳಲ್ಲಿ ಹವಾಮಾನ ಕೆಟ್ಟು, ಮುದಿ ತೋಟಗಳಿಗೆ ವೈರಸ್ ರೋಗ ತಗುಲಿ, 2024ರ ಏಪ್ರಿಲ್‌ನಲ್ಲಿ ಬೆಲೆ ಟನ್ನಿಗೆ 11,000 ಡಾಲರ್ ದಾಟಿತ್ತು. ಅಂದು ಅಜ್ಜನ ಖರೀದಿದಾರರನ್ನು ಓಡಿಸಿದ್ದೂ ಪಶ್ಚಿಮ ಆಫ್ರಿಕಾ, ಇಂದು ತಮ್ಮನಿಗೆ ಆಸೆ ಹುಟ್ಟಿಸಿದ್ದೂ ಅದೇ.

ನಾನು ಎಕ್ಸೆಲ್ ಹಾಳೆ ತೆರೆದೆ. ಒಳ್ಳೆಯ ಮರವೊಂದು ವರ್ಷಕ್ಕೆ ಮೂರು ಕಿಲೋ ಹಸಿ ಬೀಜ ಕೊಟ್ಟರೆ ಮುನ್ನೂರು ಮರಕ್ಕೆ 900 ಕಿಲೋ. ಕಿಲೋಗೆ 300 ರೂಪಾಯಿಯಾದರೆ 2,70,000. 60 ರೂಪಾಯಿಗೆ ಇಳಿದರೆ 54,000, ಅದರಲ್ಲಿ ಕೂಲಿ ಕಳೆಯಬೇಕು. ಅವನಿಗೆ ಹೇಳಿದೆ: ಸಾಲ ಬೇಡ, ಅಡಿಕೆ ಮರ ಕಡಿಯುವುದು ಬೇಡ, ರೋಗದಿಂದ ಸತ್ತ ಮರಗಳ ಜಾಗ ಎಷ್ಟಿದೆಯೋ ಅಷ್ಟಕ್ಕೆ ಮಾತ್ರ ನೆಡು, 60 ರೂಪಾಯಿಯ ಲೆಕ್ಕವನ್ನು ಹಿಡಿದು ನೆಡು. ಅವನಿಗೆ ಸಿಟ್ಟು ಬಂತು. "ನಿನಗೆ ಅಲ್ಲಿ ತಿಂಗಳ ಸಂಬಳ ಉಂಟು, ಅಂಜುವವನು ನೀನಾ?" ಅಂದ. ಎರಡು ವಾರ ಫೋನು ಮಾಡಲಿಲ್ಲ. ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಕಣಿಗೆ ಇಳಿಯುವವನು ಅವನು, ಲೆಕ್ಕ ಹೇಳುವವನು ನಾನು.

2024ರ ಜೂನ್‌ನಲ್ಲಿ ನೂರಹತ್ತು ಗಿಡ ನೆಟ್ಟ. ಅಪ್ಪ ಎದ್ದು ಹೋಗಲಿಲ್ಲವಂತೆ, ಹಳೆಯ ಕಣಿ ಎಲ್ಲಿ ಹಾದಿತ್ತು ಎಂದು ಕೋಲಿನಿಂದ ತೋರಿಸಿದರಂತೆ. ಆ ವರ್ಷದ ಡಿಸೆಂಬರಿನಲ್ಲಿ ಬೆಲೆ 12,000 ಡಾಲರ್ ದಾಟಿದಾಗ ತಮ್ಮ ನನಗೆ ಸುದ್ದಿಯ ತುಣುಕನ್ನು ಕಳಿಸಿದ, ಜೊತೆಗೆ ಒಂದಕ್ಷರವೂ ಬರೆಯದೆ. 2025ರ ಕೊನೆಗೆ ಅದು ಹೆಚ್ಚುಕಡಿಮೆ ಅರ್ಧಕ್ಕೆ ಬಂದಾಗ ನಾನು ಏನನ್ನೂ ಕಳಿಸಲಿಲ್ಲ. ಹೊಸ ಗಿಡಗಳು ಈಗ ಎದೆಯೆತ್ತರ ಬಂದು ಕವಲೊಡೆದಿವೆ. ಫಸಲು 2027ಕ್ಕೆ.

ಮೊನ್ನೆ ಕ್ಯಾಡ್‌ಬರಿ ಜಂಕ್ಷನ್‌ನ ಸಿಗ್ನಲ್ಲಿನಲ್ಲಿ ಫೋನು ಕುಂಯ್‌ಗುಟ್ಟಿತು. ಬಾವಿಕಟ್ಟೆಯ ಸಾಲಿನಿಂದ ಹದಿನಾಲ್ಕು ಕಿಲೋ ಹಸಿ ಬೀಜ ವಿಟ್ಲಕ್ಕೆ ಹೋಗಿತ್ತು. ರಶೀದಿಯ ಫೋಟೋ. ತೂಕ ಹಾಕಿಸಿ ತಂದವಳು ತಮ್ಮನ ಮಗಳು, ಶಾಲೆಗೆ ಹೋಗುವಾಗ.